ಸೋಪುನೀರಿನ ಅಕ್ಕ

ಹೋದ ತಿಂಗಳು ಅಕ್ಕ ತೀರಿಕೊಂಡರೆಂದು ಕೊನೆಗಾಲದಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದ ಮಗಳು ಹರೂರಿನಿಂದ ಫೋನು ಮಾಡಿದಾಗ ನಾನು ನನ್ನ ಗ್ಯಾಸ್ ಒಲೆಯ ಅಂಗಡಿ ಮುಚ್ಚಲಿಲ್ಲ. ಮುಚ್ಚಿದ್ದರೆ ಅವರೇ ಬೈಯುತ್ತಿದ್ದರು. ಅಂದು ಮೇಚೇರಿ ಸಂತೆ. ಸಂತೆಯ ದಿನ ನಾನು ಬಾಗಿಲು ಹಾಕಿದರೆ, ಬಂದ ಜನ ಬೀದಿಯಲ್ಲಿ ಗೋಣಿ ಹಾಸಿ ಹರಡಿಟ್ಟ ಯಾವುದೋ ಗ್ಯಾಸ್ ಟ್ಯೂಬನ್ನು ಮೊಳದ ಲೆಕ್ಕದಲ್ಲಿ ಕೊಂಡು ಮನೆಗೆ ಹೋಗುತ್ತಾರೆ. ಅದು ಅಕ್ಕನಿಗೆ ಆಗದ ಕೆಲಸ. ವ್ಯಾಪಾರ ಮುಗಿಸಿ, ಕೈಕಾಲು ತೊಳೆದು, ಸೇಲಂ ಬಸ್ಸು ಹತ್ತಿ ಅಲ್ಲಿಂದ ಹರೂರಿಗೆ ಹೋದೆ. ದಾರಿಯುದ್ದಕ್ಕೂ ದುಃಖಕ್ಕಿಂತ ಹೆಚ್ಚಾಗಿ ಒಂದು ಬಗೆಯ ಜಂಬವೇ ಇತ್ತು. ಇಂಥವರ ಜೊತೆ ಒಡನಾಡಿದವನು ನಾನು ಎಂಬ ಜಂಬ.

ಹೆಸರು ಬರೆಯುವುದಿಲ್ಲ. ಬರೆದರೂ ನಮ್ಮ ಕಡೆ ಯಾರಿಗೂ ಗುರುತು ಸಿಗುವುದಿಲ್ಲ. ಶಾಲೆಯ ಮಕ್ಕಳ ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿ ತಮಿಳಿನಲ್ಲಿ ಸತ್ತುಣವು ಎನ್ನುತ್ತಾರೆ. ಅಲ್ಲಿ ಅಡುಗೆ ಮಾಡಿ ನಿವೃತ್ತರಾದವರು ಅವರು, ಆದ್ದರಿಂದ ಮೊದಲು ಸತ್ತುಣವಕ್ಕ ಆಗಿದ್ದರು. ಆಮೇಲೆ ಹಳ್ಳಿಹಳ್ಳಿಗೂ ಗ್ಯಾಸ್ ಬಂದ ಕಾಲದಲ್ಲಿ ಸೋಪುನೀರಿನ ಅಕ್ಕ ಆದರು. ಎರಡನೆಯ ಹೆಸರೇ ಉಳಿಯಿತು.

ಮೊದಲ ಸಲ ನೋಡಿದ್ದು ನನ್ನ ಅಂಗಡಿಯಲ್ಲಿ, ಗಿರಾಕಿಯಾಗಿ. ನನ್ನ ಕಸುಬಿನ ಹಿನ್ನೆಲೆ ಹೇಳಿಬಿಡುತ್ತೇನೆ. ಸಂತೆಯಲ್ಲಿ ಕುರಿ ದಲ್ಲಾಳಿಯಾಗಿದ್ದವನು ನಾನು. ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತ ಕುದುರಿಸುತ್ತ ಈ ಅಂಗಡಿ ಕಟ್ಟಿದವನು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಎಷ್ಟಕ್ಕೆ ಇಳಿಯುತ್ತಾನೆ ಎಂದು ಅಂದಾಜು ಸಿಗುತ್ತದೆ. ಅಕ್ಕ ಒಲೆಯ ಬೆಲೆ ಕೇಳಿದರು. ನಾನು ಹೇಳಿದ್ದಕ್ಕೆ ನಕ್ಕರು. ನಗುತ್ತ ನಗುತ್ತಲೇ ಅದನ್ನು ಎಲ್ಲಿಗೆ ಇಳಿಸಿದರೆಂದರೆ, ನನ್ನ ಹೆಂಡತಿಯ ತಮ್ಮನಿಗೂ ಆ ಬೆಲೆಗೆ ಕೊಟ್ಟಿರಲಿಲ್ಲ. ಇನ್ನು ಟ್ಯೂಬಿಗೂ ಇದೇ ಗತಿ ಎಂದು ಸೊಂಟ ಕಟ್ಟಿ ಕೂತೆ. ಟ್ಯೂಬಿನ ಬೆಲೆ ಹೇಳಿದೆ. ತುಟಿಪಿಟಕ್ಕೆನ್ನದೆ ಕೊಟ್ಟರು. ಆದರೆ ಟ್ಯೂಬನ್ನು ಬೆಳಕಿಗೆ ಹಿಡಿದು ಅದರ ಮೇಲೆ ಅಚ್ಚು ಹಾಕಿದ ವರ್ಷ ಓದಿ ನನ್ನ ಮುಂದೆಯೇ ಎಸೆದರು.

"ಇದು ನಿನ್ನ ಅಂಗಡೀಲೇ ಕೂತು ಮುದುಕಾಗೈತೆ. ಹುಡುಗನ್ನ ಕೊಡು ಕಣ್ಲಾ."

ಅವತ್ತಿನಿಂದ ನಾನೂ ಗಿರಾಕಿಗಳಿಗೆ ಅದನ್ನೇ ಹೇಳುತ್ತೇನೆ, ನಿಮಗೂ ಹೇಳುತ್ತೇನೆ. ಒಲೆಗೆ ಚೌಕಾಸಿ ಮಾಡಿ, ಕುಕ್ಕರಿಗೆ ಮಾಡಿ, ನನ್ನ ಹೊಟ್ಟೆ ಉರಿಯುವ ತನಕ ಮಾಡಿ. ಟ್ಯೂಬಿಗೂ ಅದನ್ನು ಬಿಗಿಯುವ ಕ್ಲಿಪ್ಪಿಗೂ ಮಾಡಬೇಡಿ. ಒಳಗೆ ತಂತಿ ಹೆಣೆದ, ಮುದ್ರೆ ಇರುವ, ವರ್ಷ ಬರೆದಿರುವ ಟ್ಯೂಬನ್ನೇ ಕೇಳಿ ತೆಗೆದುಕೊಳ್ಳಿ. ನಾನು ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗಿ.

ಅಕ್ಕನ ಮೂಗು ಕೆಲಸ ಮಾಡುತ್ತಿರಲಿಲ್ಲ. ಪ್ರಾಯದಿಂದ ನಶ್ಯ ಹಾಕಿ ಹಾಕಿ ವಾಸನೆ ಎಂಬುದೇ ತಿಳಿಯದಂತಾಗಿತ್ತು. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಎಲ್ಲರೂ ಸಿಲಿಂಡರ್ ಕೂಡಿಸಿ ಮೂಗು ಎಳೆದು, ವಾಸನೆ ಇಲ್ಲ, ಸರಿಯಾಗಿದೆ ಎಂದು ಕಡ್ಡಿ ಗೀರುವವರೇ. ಅಕ್ಕನಿಗೆ ಆ ದಾರಿ ಇಲ್ಲ. ಹಾಗಾಗಿ ಸೋಪು ಕದಡಿದ ನೀರು. ಕೂಡಿಸಿದ ಜಾಗಕ್ಕೆಲ್ಲ ಅದರ ನೊರೆ ಬಳಿದು ಕೂರುವುದು. ಗುಳ್ಳೆ ಎದ್ದರೆ ಸೋರಿಕೆ, ಏಳದಿದ್ದರೆ ಸರಿ. "ಮೂಗು ಸುಳ್ಳೇಳ್ತದೆ, ನೊರೆ ಏಳಲ್ಲ" ಎನ್ನುತ್ತಿದ್ದರು. ಕುರಿ ಸಾಕುವ ನಮ್ಮ ಮನೆಗಳಲ್ಲಿ ಆ ಮಾತಿನ ಬೆಲೆ ಹೆಚ್ಚು. ಜಗಲಿಯಲ್ಲಿ ಟಗರು, ಅಡುಗೆಮನೆಯ ಮೂಲೆಯಲ್ಲಿ ಮರಿ. ಆ ಗಬ್ಬಿನಲ್ಲಿ ಗ್ಯಾಸಿನ ವಾಸನೆ ಯಾವ ಮೂಗಿಗೆ ಹತ್ತೀತು?

ಯಾವ ಮನೆಗೆ ಹೋದರೂ ಮೊದಲು ಕೇಳುತ್ತಿದ್ದದ್ದು ಬೆಂಕಿಪೊಟ್ಟಣ. ಈಸಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳುವರು. ಕೆಲಸ ಮುಗಿದು ಅವರಾಗಿ ಕೊಡುವ ತನಕ ಆ ಮನೆಯಲ್ಲಿ ಬೀಡಿಯೂ ಹತ್ತಬಾರದು. ಅಕ್ಕ ಬೆಂಕಿಪೊಟ್ಟಣ ಕದಿಯಕ್ಕೇ ಬರ್ತಾರೆ ಎಂದು ಹೆಂಗಸರು ಛೇಡಿಸುತ್ತಿದ್ದರು. ಆಮೇಲೆ ಕುಕ್ಕರುಗಾಲಿನಲ್ಲಿ ಕೂತು, ತಾವು ಕೈ ಹಚ್ಚದೆ, ಮನೆಯ ಹೆಂಗಸಿನ ಕೈಯಿಂದಲೇ ಎಲ್ಲ ಮಾಡಿಸುವರು. ಸಿಲಿಂಡರು ನೆಟ್ಟಗೆ ನಿಂತಿದೆಯೇ, ಒಲೆ ಅದಕ್ಕಿಂತ ಎತ್ತರದಲ್ಲಿದೆಯೇ, ಬಿರಡೆ ತೆಗೆದ ಮೇಲೆ ಒಳಗೆ ಕಪ್ಪು ವಾಷರು ಇದೆಯೇ. ರೆಗ್ಯುಲೇಟರಿನ ಗುಬುಟು ಮುಚ್ಚಿದ ಕಡೆಗಿರಲಿ, ಕೆಳಗಿನ ಕಪ್ಪು ಬಳೆ ಎತ್ತಿ ಹಿಡಿದು ಕೂರಿಸು, ಬಳೆ ಬಿಡು, ಟಕ್ ಅನ್ನಬೇಕು. ಟಕ್ ಅನ್ನದಿದ್ದರೆ ಕೂತಿಲ್ಲ, ತೆಗೆ, ಮತ್ತೆ ಕೂರಿಸು. ನೀವೇ ಕೂಡಿಸಿಕೊಟ್ಟು ಹೋಗಬಾರದೇ ಎಂದು ಯಾರಾದರೂ ರಾಗ ಎಳೆದರೆ ಉತ್ತರ ಸಿದ್ಧವಾಗಿರುತ್ತಿತ್ತು: "ನಿನ್ನ ಗಂಡನ್ ತಲೆಗೆ ಎಣ್ಣೇನೂ ನಾನೇ ಹಚ್ಚಿ ಓಗ್ಲಾ?"

ದೊಡ್ಡಸ್ತಿಕೆ ಇಲ್ಲದವರೆಂದು ಹೇಳಿದರೆ ಸುಳ್ಳಾದೀತು. ಬೇಕಾದಷ್ಟಿತ್ತು. ಫೋನಿನಲ್ಲಿ ಕರೆದರೆ ಬರುತ್ತಿರಲಿಲ್ಲ. ಮನೆಗೆ ಬಂದು, ಎಲೆ ಅಡಿಕೆ ಇಟ್ಟು, ಮದುವೆಗೆ ಕರೆದ ಹಾಗೆ ಕರೆಯಬೇಕು. ಒಲೆ ಹತ್ತಿದ ಮೇಲೆ ಅದರಲ್ಲೇ ಕಾಫಿ ಕಾಸಿಕೊಡಬೇಕು. ಏರ್ಕಾಡ್ ಪುಡಿ ಇದ್ದರೆ ಕಾಫಿ, ಇಲ್ಲದಿದ್ದರೆ ಬರೀ ಬಿಸಿನೀರು ಸಾಕು ಎಂದು ಮುಖಕ್ಕೆ ಹೇಳುವರು. ಶಾಲೆಯಲ್ಲಿ ಬೇಯಿಸಿದ ಅಷ್ಟೂ ವರ್ಷ ಒಂದು ಮಗುವಿನ ಕೂದಲೂ ಸುಟ್ಟಿಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಅವರಿಗೆ ದಣಿವಿಲ್ಲ. ಒಮ್ಮೆ ನಾನು, ನನ್ನ ಅಂಗಡಿಯ ಪರವಾಗಿ ಹೋಗಿ ಬನ್ನಿ, ನಿಮಗೂ ಒಂದು ಪಾಲು ಇರಲಿ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿನ್ನ ಆಳು ಅಂತ ಜನ ಅಂದ್ಕೊಂಡ್ಬಿಟ್ರೆ ನಾನು ಟ್ಯೂಬು ಎಸಿ ಅಂದಾಗ ಯಾವಳು ಎಸೀತಾಳೆ? ವ್ಯಾಪಾರ ಮಾಡೋನಿಗೆ ಇಷ್ಟೂ ತಿಳೀಬ್ಯಾಡ್ವಾ?"

ತಿಳಿಯಬೇಕಿತ್ತು. ಅವರು ಯಾರ ಆಳೂ ಅಲ್ಲದ್ದರಿಂದಲೇ ಅವರ ಮಾತಿಗೆ ತೂಕವಿತ್ತು. ಅವರು ಒಪ್ಪಿದ ಟ್ಯೂಬು ಎಂಬ ಒಂದೇ ಕಾರಣಕ್ಕೆ ನನ್ನಲ್ಲಿಗೆ ಬಂದ ಗಿರಾಕಿಗಳೆಷ್ಟೋ.

ಆ ತೂಕ ಪರೀಕ್ಷೆಗೆ ಬಿದ್ದದ್ದು ಒಂದು ಸಲ. ಅದನ್ನು ಬರೆಯಲೆಂದೇ ಕೂತಿದ್ದೇನೆ.

ಮೇಚೇರಿಯಿಂದ ಒಳಗೆ, ಹೊಲಗಳ ನಡುವೆ ಒಂದು ಮನೆ. ಕುರಿ ಸಾಕುವವರು, ನಮ್ಮ ಹಾಗೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು. ಅತ್ತೆ, ಮಗ, ಸೊಸೆ. ಸೊಸೆಗೆ ಉಬ್ಬಸ. ಸೀಮೆಜಾಲಿ ಸೌದೆಯ ಹೊಗೆ ಇನ್ನು ಕೂಡದು ಎಂದು ಮೆಟ್ಟೂರಿನ ಡಾಕ್ಟರು ಖಂಡಿತವಾಗಿ ಹೇಳಿದ್ದರು. ಆ ಹುಡುಗಿ ಅಲೆದಾಡಿ ತನ್ನ ಹೆಸರಿನಲ್ಲೇ ಗ್ಯಾಸ್ ಕನೆಕ್ಷನ್ ಮಾಡಿಸಿಕೊಂಡಿದ್ದಳು. ಅತ್ತೆ ಮಾತ್ರ ಒಲ್ಲದ ಮನಸ್ಸಿನಿಂದ ಒಪ್ಪಿದ್ದು, ಅದೂ ಶಾಸ್ತ್ರಪ್ರಕಾರ ಪೂಜೆ ಆಗಲೇಬೇಕು ಎಂಬ ಕರಾರಿನ ಮೇಲೆ. ನಮ್ಮ ಕಡೆ ಹೊಸ ನೇಗಿಲು ಬರಲಿ, ಮೊಪೆಡ್ ಬರಲಿ, ಅರಿಸಿನ ಕುಂಕುಮ ಇಟ್ಟು ಕರ್ಪೂರ ಬೆಳಗದೆ ಮುಟ್ಟುವವರಿಲ್ಲ. ಸಿಲಿಂಡರಿಗೂ ಹಾಗೇ ಎಂದು ಮುದುಕಿಯ ಲೆಕ್ಕ. ಒಲೆ ನನ್ನ ಅಂಗಡಿಯದು, ಆದ್ದರಿಂದ ನನಗೂ ಕರೆ ಬಂತು. ಸೊಸೆ ಎಲೆ ಅಡಿಕೆ ಇಟ್ಟು ಅಕ್ಕನನ್ನೂ ಕರೆದಿದ್ದಳು.

ನಾವು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಯುವುದೇಕೆಂದು ಮಗನೇ ಕೂಡಿಸಿಬಿಟ್ಟಿದ್ದ. ಟ್ಯೂಬು ಸಂತೆಬೀದಿಯದು. ಕ್ಲಿಪ್ಪು ಇಲ್ಲ. ಅದರ ಬದಲು ಕತ್ತಾಳೆ ಹುರಿಯಿಂದ, ಟಗರು ಕಟ್ಟುವ ಗಂಟು ಹಾಕಿ ಎರಡೂ ಕಡೆ ಬಿಗಿದಿದ್ದ. ಆ ಗಂಟಿಗೆ ಅವನು ಹೆಸರುವಾಸಿ, ಅವನು ಕಟ್ಟಿದ ಟಗರು ಬಿಚ್ಚಿಕೊಂಡದ್ದಿಲ್ಲ. ಸಿಲಿಂಡರಿಗೆ ಅರಿಸಿನ ಬಳಿದು ಸೇವಂತಿಗೆ ಹಾರ ಹಾಕಿದ್ದರು. ನೆಂಟರು ನೆರೆದಿದ್ದರು. ಅಡುಗೆಮನೆಯ ನೆಲದ ಮೇಲೆ ಕವುಚಿದ ಬಿದಿರುಬುಟ್ಟಿಯ ಒಳಗೆ ಕುರಿಮರಿಗಳು. ಮುದುಕಿ ಒಂದು ಕೈಯಲ್ಲಿ ಕರ್ಪೂರದ ತಟ್ಟೆ, ಇನ್ನೊಂದರಲ್ಲಿ ಬೆಂಕಿಪೊಟ್ಟಣ ಹಿಡಿದು ನಿಂತಿದ್ದಳು. ಅಕ್ಕ ಎಂದಿನಂತೆ ಪೊಟ್ಟಣಕ್ಕೆ ಕೈ ಚಾಚಿದರು. ಅಕ್ಕ ಗಂಡನನ್ನು ಕಳೆದುಕೊಂಡವರು. ಮಂಗಳದ ಹೊತ್ತಿನಲ್ಲಿ ಅವರ ಕೈಗೆ ಬೆಂಕಿ ಕೊಡುವುದು ಮುದುಕಿಗೆ ಸರಿಕಾಣಲಿಲ್ಲ. ಮುಖ ತಿರುಗಿಸಿದಳು.

ಅಕ್ಕನ ಕಣ್ಣು ಬುಟ್ಟಿಯ ಮೇಲಿತ್ತು. ಬೆಳಿಗ್ಗೆ ಹಾಲು ಕುಡಿದ ಮರಿಗಳು ಆ ಹೊತ್ತಿನಲ್ಲಿ ಮುದುರಿಕೊಂಡು ಮಲಗಿರಬೇಕು. ಇವು ಸೀನುತ್ತ, ಬುಟ್ಟಿಯ ಸಂದಿನಿಂದ ಮೂತಿ ಮೇಲಕ್ಕೆ ತೂರಿಸಿ ಗಾಳಿಗೆ ಒದ್ದಾಡುತ್ತಿದ್ದವು. ಗ್ಯಾಸು ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ನೆಲ ಹಿಡಿಯುತ್ತದೆ. ನಿಂತ ನಮಗೆ ತಿಳಿಯದ್ದು ನೆಲದಲ್ಲಿದ್ದ ಮರಿಗಳಿಗೆ ತಿಳಿದಿತ್ತು. ಮುದುಕಿ ಕಡ್ಡಿ ತೆಗೆದು ಪೊಟ್ಟಣಕ್ಕೆ ಹಿಡಿದಳು. ಅಕ್ಕ ಆ ಕೈಯನ್ನು ಹಾಗೇ ಹಿಡಿದು, ಕಡ್ಡಿ, ಪೊಟ್ಟಣ, ಆರತಿ ತಟ್ಟೆ ಎಲ್ಲವನ್ನೂ ಕಿತ್ತು ನನ್ನ ಕೈಗೆ ತುರುಕಿದರು.

"ಅಂಗಳದಾಚೆ ಓಗು. ಓಡ್ಬ್ಯಾಡ, ಓಗು."

ಬಗ್ಗಿ ರೆಗ್ಯುಲೇಟರು ಮುಚ್ಚಿದರು. ಫ್ಯಾನು ಹಾಕೋಣವೆಂದು ಸ್ವಿಚ್ಚಿಗೆ ಕೈ ಹಾಕಿದ ಮಗನನ್ನು ತಳ್ಳಿ, ಕರೆಂಟು ಮುಟ್ಟಬೇಡ, ಹಿತ್ತಲ ಬಾಗಿಲು ತೆಗೆ ಎಂದರು. ಎಲ್ಲರನ್ನೂ ಆಚೆ ಕಳಿಸಿ, ಬುಟ್ಟಿ ಎತ್ತಿ ಮರಿಗಳನ್ನು ಸೆರಗಿನಲ್ಲಿ ಹೊತ್ತು ಕೊನೆಗೆ ತಾವು ಬಂದರು. ಮನೆ ಚೆನ್ನಾಗಿ ಗಾಳಿಯಾಡಿದ ಮೇಲೆ ಮಗನಿಂದ ಸಿಲಿಂಡರು ಹೊರಿಸಿ ಬೇವಿನ ಮರದ ಕೆಳಗೆ ಇಡಿಸಿದರು.

ಮನೆ ಉಳಿಯಿತು. ಆದರೆ ಮರ್ಯಾದೆ ಹೋಯಿತೆಂದು ಮುದುಕಿ ಕೂತುಬಿಟ್ಟಳು. ಇಷ್ಟು ಜನರ ಎದುರಿಗೆ ಆರತಿ ತಟ್ಟೆ ಕಿತ್ತುಕೊಂಡವಳು, ಅದೂ ಗಂಡ ಸತ್ತವಳು, ಇನ್ನು ನನ್ನ ಹೊಸಲು ದಾಟಬಾರದು ಎಂದಳು. ಪೂಜೆ ಮುರಿದ ಒಲೆ ಮನೆಗೆ ಬೇಡ, ಸಿಲಿಂಡರೂ ಬೇಡ, ಎಲ್ಲ ವಾಪಸ್ ಎತ್ತಿಕೊಂಡು ಹೋಗು ಎಂದು ನನಗೆ ಅಪ್ಪಣೆಯಾಯಿತು. ಸೊಸೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳ ಎದೆಯ ಸಿಳ್ಳು ನನಗೆ ಅಂಗಳದಲ್ಲೇ ಕೇಳುತ್ತಿತ್ತು. ಹೊರಗಿನ ಸೌದೆ ಒಲೆಯಲ್ಲಿ ಆಗಲೇ ನೆಂಟರಿಗೆ ಅಡುಗೆ ಹತ್ತಿಸಬೇಕಾಗಿ ಬಂದಿತ್ತು. ಊದುಗೊಳವೆ ಹಿಡಿದು ಕೂರಬೇಕಾದವಳು ಅವಳೇ.

ನಾನು ಮಾತಿಗಿಳಿದೆ. ಮಾತಿನಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಒಲೆ ಬದಲಾಯಿಸಿ ಕೊಡುತ್ತೇನೆ ಎಂದೆ, ಕುಕ್ಕರು ಜೊತೆಗೆ ಸೇರಿಸುತ್ತೇನೆ ಎಂದೆ, ಬೇರೆ ಒಳ್ಳೆಯ ದಿನ ನೋಡಿಸೋಣ ಎಂದೆ. ಮುದುಕಿ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದಳೇ ಹೊರತು ತಲೆ ಎತ್ತಲಿಲ್ಲ. ಸರಕು ಬೇಡದವನ ಹತ್ತಿರ ಬೆಲೆ ಇಳಿಸಬಾರದು ಎಂಬ ಪಾಠ ನನಗೇ ಮರೆತುಹೋಗಿತ್ತು.

ಮುಂದಿನ ವಾರ ಅಕ್ಕ ತಾವಾಗಿಯೇ ಅಂಗಡಿಗೆ ಬಂದರು. ಒಳ್ಳೆಯ ಟ್ಯೂಬು, ಎರಡು ಕ್ಲಿಪ್ಪು ಆರಿಸಿಕೊಂಡು, ನನ್ನ ಮೊಪೆಡ್ ಹತ್ತಿ ಕೂತರು. ಯಾರೂ ಎಲೆ ಅಡಿಕೆ ಇಟ್ಟು ಕರೆದಿರಲಿಲ್ಲವಲ್ಲ ಎಂದು ನಾನು ಕೆಣಕಿದೆ. "ಸುಮ್ಮಾ ಗಾಡಿ ಬಿಡು" ಎಂದರು.

ಹೊಸಲು ದಾಟಬಾರದೆಂದಿದ್ದಳಲ್ಲ, ದಾಟಲಿಲ್ಲ. ಸಿಲಿಂಡರು ಇನ್ನೂ ಬೇವಿನ ಮರದ ಕೆಳಗೇ ಇತ್ತು, ಹಾರ ಒಣಗಿತ್ತು. ಅದರ ಪಕ್ಕ ಕೂತು ಅಕ್ಕ ಕುರಿಯ ಮಾತು ತೆಗೆದರು. ಆ ಮುದುಕಿ ಕುರಿಯ ಬಾಯಿ ನೋಡಿ ವಯಸ್ಸು ಹೇಳುವುದರಲ್ಲಿ ಎತ್ತಿದ ಕೈ. ನಾನು ದಲ್ಲಾಳಿಯಾಗಿದ್ದಾಗ ಅವಳು ಬಂದರೆ ಮಾರುವವರು ಬೇರೆ ಸಾಲಿಗೆ ಕುರಿ ಎಳೆದುಕೊಂಡು ಹೋಗುತ್ತಿದ್ದದ್ದು ಕಣ್ಣಾರೆ ಕಂಡಿದ್ದೇನೆ. ಯಾವ ಕುರಿ ಎಷ್ಟು ಹಲ್ಲು, ಯಾವ ಸಂತೆ ಕೆಟ್ಟಿತು ಎಂದು ಮಾತು ಬೆಳೆಯಿತು. ಮುದುಕಿ ಮೊದಲು ಜಗಲಿಯಿಂದ, ಆಮೇಲೆ ಮೆಟ್ಟಿಲಿನಿಂದ, ಕಡೆಗೆ ಮರದ ನೆರಳಿನಿಂದ ಉತ್ತರ ಕೊಡುವ ಹಾಗಾಯಿತು.

"ಮಾರೋನು ಚೆನ್ನಾಗೈತೆ ಅಂದ್ರೆ ನೀನು ಬಾಯಿ ನೋಡ್ದೆ ಕುರಿ ತಕ್ಕೊಂತೀಯಾ?" ಎಂದರು ಅಕ್ಕ.

"ನಾನ್ಯಾಕೆ ತಕ್ಕೊಳ್ಳಲಿ? ನಮ್ಮಪ್ಪನೇ ಮಾರಿದ್ರೂ ನೋಡ್ತೀನಿ."

"ಮತ್ತೆ ಇದುರ್ ಬಾಯಿ ಯಾರು ನೋಡಿದ್ರು?"

ಮುದುಕಿ ಸಿಲಿಂಡರನ್ನೂ ಅಕ್ಕನನ್ನೂ ನೋಡಿದಳು. ಬಗ್ಗಿ ಅದರ ಬಾಯಿಯೊಳಗೆ ಕಣ್ಣಿಟ್ಟಳು. ಕಪ್ಪು ರಬ್ಬರು ವಾಷರು ಐತೆ ಎಂದಳು. ಅದು ಹಲ್ಲು, ಬಿದ್ದಿದ್ದರೆ ಸಿಲಿಂಡರು ವಾಪಸ್ ಕಳಿಸಬೇಕು ಎಂದರು ಅಕ್ಕ. ಸುತ್ತ ಬೆಂಕಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಲೆ, ರೆಗ್ಯುಲೇಟರು ಆಚೆ ತರಿಸಿ, ಮಗನ ಗಂಟಿನ ಹಳೆಯ ಟ್ಯೂಬನ್ನೇ ಆ ಬಯಲಿನಲ್ಲಿ ಮುದುಕಿಯ ಕೈಯಿಂದ ಕೂಡಿಸಿದರು. ಟಕ್ ಅಂದಿತು. ಗಂಟಿನ ಮೇಲೆ ಸೋಪಿನ ನೊರೆ ಬಳಿಯಲು ಹೇಳಿ, ಗುಬುಟು ಒಂದು ಗಳಿಗೆ ತೆರೆಯಿಸಿದರು. ಕುದಿಯುವ ರಾಗಿ ಗಂಜಿಯ ಹಾಗೆ ಗುಳ್ಳೆ ಎದ್ದು ಒಡೆಯತೊಡಗಿದವು. ಅಕ್ಕ ತಕ್ಷಣ ಮುಚ್ಚಿಸಿದರು. ಮಗ ಆಕಾಶ ನೋಡುತ್ತ ನಿಂತಿದ್ದ.

ಮುದುಕಿ ಆ ನೊರೆಗೆ ಬೆರಳು ಅದ್ದಿ ನೋಡಿದಳು. ಆ ದಿನ ತನ್ನ ಕೈಯಲ್ಲಿದ್ದದ್ದು ಎಂಥ ಕಡ್ಡಿ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮಗನ ಕಡೆ ತಿರುಗಿ ಇಷ್ಟೇ ಅಂದಳು: "ಟಗರು ಕಟ್ಬೋದು ಕಣ್ಲಾ. ಗಾಳಿ ಕಟ್ಟಕ್ಕಾಯ್ತದಾ?"

ಹೊಸ ಟ್ಯೂಬನ್ನು ತಾನೇ ನಳಿಗೆಯ ಬುಡದ ತನಕ ಒತ್ತಿದಳು, ಕ್ಲಿಪ್ಪು ತಾನೇ ತಿರುಗಿಸಿದಳು. ನೊರೆ ಬಳಿದಳು. ಗುಳ್ಳೆ ಇಲ್ಲ. ಇನ್ನೊಂದು ಸಲ ಬಳಿದಳು, ಯಾರೂ ಹೇಳದೆಯೇ. ಕರ್ಪೂರವನ್ನು ಹೊಸಲಿನಾಚೆ, ದೂರದಲ್ಲಿದ್ದ ಕಾವಲುದೇವರು ಮುನಿಯಪ್ಪನ ಕಲ್ಲಿಗೆ ಬೆಳಗಿ ಆರಿಸಿದಳು. ಆ ಮೇಲೆ ಮಗ ಒಲೆ, ಸಿಲಿಂಡರು ಒಳಕ್ಕೆ ಹೊತ್ತ. ಕುರಿಮರಿಗಳ ಬುಟ್ಟಿ ಜಗಲಿಗೆ ಹೋಯಿತು. ಒಳಗೆ ಮತ್ತೆ ಕೂಡಿಸಿ, ಮತ್ತೆ ನೊರೆ ಬಳಿದು ನೋಡಿದ್ದೂ ಮುದುಕಿಯೇ. ಅಕ್ಕ ಮರದ ಕೆಳಗೇ ಕೂತಿದ್ದರು.

"ಅಲ್ಲೇನ್ ಕೂತಿದ್ದೀಯ?" ಎಂದಳು ಮುದುಕಿ ಬಾಗಿಲಿಗೆ ಬಂದು. "ಬಾ ಒಳಕ್ಕೆ. ಹಾಲು ಉಕ್ಕಿಸ್ಬೇಕು."

ಅಕ್ಕ ಸೀರೆ ಕೊಡವಿ ಎದ್ದು, ರಾಣಿಯ ಹಾಗೆ ಹೊಸಲು ದಾಟಿದರು. ನನಗೆ ಆ ನಡಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಆದರೆ ಹಾಲು ಉಕ್ಕಿಸುವುದರಲ್ಲೇ ಇನ್ನೊಂದು ತೊಡಕಿತ್ತು. ಹೊಸ ಒಲೆಯಲ್ಲಿ ಹಾಲು ಉಕ್ಕಿ ಮೂಡಣ ದಿಕ್ಕಿಗೆ ಸುರಿದರೇ ಶುಭ. ಸೌದೆ ಒಲೆಗೆ ಅದರಿಂದ ನಷ್ಟವಿಲ್ಲ. ಗ್ಯಾಸ್ ಒಲೆಯ ಮೇಲೆ ಹಾಲು ಸುರಿದರೆ ಬೆಂಕಿ ಆರುತ್ತದೆ, ಗ್ಯಾಸು ಮಾತ್ರ ಸುಮ್ಮನೆ ಬರುತ್ತಲೇ ಇರುತ್ತದೆ. ಅಕ್ಕ ಅದನ್ನು ಒಂದೇ ಒಂದು ಸಲ, ಮೆಲ್ಲಗೆ ಹೇಳಿ, ಗೋಡೆಗೆ ಒರಗಿ ಕೂತರು. ಎಂದಿನ ಅಕ್ಕನಾಗಿದ್ದರೆ ಒಲೆಯ ಪಕ್ಕದಲ್ಲೇ ಕೂತು ಹತ್ತು ಸಲ ಹೇಳುತ್ತಿದ್ದರು.

ಮೊದಲು ಕಡ್ಡಿ, ಆಮೇಲೆ ಗುಬುಟು. ಸೊಸೆಯೇ ಹಚ್ಚಿದಳು. ನೀಲಿ ಉರಿ ನಿಂತಿತು. ಎಲ್ಲರೂ ಪಾತ್ರೆಯನ್ನೇ ನೋಡುತ್ತಿದ್ದೆವು. ಸೊಸೆ ಹಾಲಿನ ಕಡೆ ನೋಡುತ್ತಿರಲಿಲ್ಲ, ಅತ್ತೆಯ ಕೈ ನೋಡುತ್ತಿದ್ದಳು. ಈ ಪೂಜೆಯೂ ಕೆಟ್ಟರೆ ತನಗೆ ಮತ್ತೆ ಊದುಗೊಳವೆಯೇ ಗತಿ ಎಂದು ಅವಳಿಗೆ ಗೊತ್ತಿತ್ತು. ಹಾಲು ಕೆನೆ ಕಟ್ಟಿತು, ಬದಿಯಲ್ಲಿ ಬಿರಿಯಿತು, ಏರತೊಡಗಿತು. ಕಂಠಕ್ಕೆ ಬಂತು. ಅಂಚಿಗೆ ಬಂದು ಗುಮ್ಮಟವಾಗಿ ನಿಂತಿತು. ಮುದುಕಿ ಕೈ ಚಾಚಿ ಗುಬುಟು ತಿರುಗಿಸಿದಳು. ಒಂದು ತೊಟ್ಟೂ ಚೆಲ್ಲದೆ ಹಾಲು ಇಳಿಯಿತು.

ನೋಡಲು ಬಂದಿದ್ದ ನೆರೆಯವಳೊಬ್ಬಳು, ಸುರೀಲಿಲ್ಲವಲ್ಲ ಎಂದು ಗೊಣಗಿದಳು.

"ಅಂಚಿಗೆ ಬಂತಲ್ಲ" ಎಂದಳು ಮುದುಕಿ. "ಉಕ್ದಂಗೇ ಲೆಕ್ಕ."

ಜೀವಮಾನವೆಲ್ಲ ಬೇರೆಯವರ ಬೆಲೆ ಇಳಿಸಿ ಬದುಕಿದವನು ನಾನು. ದೇವರ ಜೊತೆ ಕೂತು ಇಷ್ಟು ಸಲೀಸಾಗಿ ವ್ಯಾಪಾರ ಮುಗಿಸಿದ್ದನ್ನು ಬೇರೆಲ್ಲೂ ಕಂಡಿಲ್ಲ.

ಸೊಸೆ ಲೋಟಕ್ಕೆ ಹಾಲು ಬಗ್ಗಿಸಿ, ಮೊದಲು ಯಾರಿಗೆ ಎಂದು ಅತ್ತೆಯ ಮುಖ ನೋಡಿದಳು. ಮುದುಕಿ ಗದ್ದ ಎತ್ತಿ ತೋರಿಸಿದ್ದು ಗೋಡೆಯ ಹತ್ತಿರ ಕೂತಿದ್ದ ಅಕ್ಕನ ಕಡೆಗೆ.